ನಿಸ್ಟಾಟಿನ್ ನುಂಗಬೇಕಾ, ಉಗುಳಬೇಕಾ?

ರಾಜಾಜಿನಗರದ ನಿಮ್ಮ ಅತ್ತೆಯವರಿಗೆ ನಾಲಿಗೆ ಮೇಲೆ ಬಿಳಿ ಪದರ ಕಟ್ಟಿದೆ, ಡಾಕ್ಟರ್ ಬಾಯಿಯ ಫಂಗಸ್‌ಗೆ ಹಾಕುವ ದ್ರವ ಔಷಧಿ ನಿಸ್ಟಾಟಿನ್ ಸಸ್ಪೆನ್ಷನ್ ಕೊಟ್ಟಿದ್ದಾರೆ, ನುಂಗಿದರೆ ಅಪಾಯವಾ ಅಂತ ಕೇಳಿದ್ದೀರಿ. ಹೆದರಬೇಡಿ. ಈ ಔಷಧಿ ಹೊಟ್ಟೆಗೆ ಹೋದರೂ ರಕ್ತಕ್ಕೆ ಹೆಚ್ಚುಕಮ್ಮಿ ಸೇರುವುದೇ ಇಲ್ಲ. ಸಾಮಾನ್ಯವಾಗಿ ಬಾಯಲ್ಲಿ ಆಡಿಸಿ ನುಂಗಲು ಹೇಳುತ್ತಾರೆ. ನಿಮ್ಮ ಡಾಕ್ಟರ್ ಉಗುಳಲು ಹೇಳಿದ್ದರೆ ಹಾಗೇ ಮಾಡಿ.

ಮುಖ್ಯವಾದದ್ದು ಬೇರೆ ಇದೆ. ಇದು ಮುಟ್ಟಿದ ಜಾಗದಲ್ಲಿ ಮಾತ್ರ ಕೆಲಸ ಮಾಡುತ್ತದೆ. ಬಾಟಲಿಯ ತಳದಲ್ಲಿ ಔಷಧಿ ಕೂತಿರುತ್ತದೆ, ಪ್ರತಿ ಸಲ ಚೆನ್ನಾಗಿ ಕುಲುಕಿ. ಊಟ ಆದ ಮೇಲೆ ಕೊಡಿ, ಬಾಯಲ್ಲಿ ಆದಷ್ಟು ಹೊತ್ತು ಇಟ್ಟುಕೊಂಡು ಎಲ್ಲಾ ಮೂಲೆಗೂ ಆಡಿಸಲಿ. ಕೊಟ್ಟ ತಕ್ಷಣ ಕಾಫಿ ಕೊಡಬೇಡಿ, ಔಷಧಿ ತೊಳೆದು ಹೋಗುತ್ತದೆ. ಬಿಳಿ ಹೋಯಿತು ಅಂತ ಅವತ್ತೇ ನಿಲ್ಲಿಸಬೇಡಿ. ವಾಸಿಯಾದ ಮೇಲೂ ಕನಿಷ್ಠ 48 ಗಂಟೆ ಮುಂದುವರಿಸುವುದು ರೂಢಿ.

ಅವರಿಗೆ ಹಲ್ಲಿನ ಸೆಟ್ ಇದೆ ಅಂದಿರಲ್ವಾ, ನನಗೆ ಅನುಮಾನ ಅಲ್ಲೇ. ಫಂಗಸ್ ಸೆಟ್ಟಿಗೆ ಅಂಟಿಕೊಂಡು ಕೂರುತ್ತದೆ. ಬಾಯಿಗೆ ಎಷ್ಟು ಔಷಧಿ ಹಾಕಿದರೂ ಸೆಟ್ ಕೊಳಕಾಗಿದ್ದರೆ ಮತ್ತೆ ಬರುತ್ತದೆ. ಔಷಧಿ ಹಾಕುವಾಗ ಸೆಟ್ ತೆಗೆಸಿ, ದಿನಾ ಬ್ರಶ್ ಮಾಡಿ, ರಾತ್ರಿ ಹಾಕಿಕೊಂಡು ಮಲಗಲು ಬಿಡಬೇಡಿ. ದಮ್ಮಿಗೆ ಸ್ಟೀರಾಯ್ಡ್ ಇನ್‌ಹೇಲರ್ ತೆಗೆದುಕೊಳ್ಳುತ್ತಿದ್ದರೆ ಪ್ರತಿ ಸಲ ಬಾಯಿ ಮುಕ್ಕಳಿಸಿ ಉಗುಳಲಿ.

ಸಕ್ಕರೆ ಕಾಯಿಲೆ ಇದೆಯಾ? ಅದಿದ್ದರೂ ಈ ಫಂಗಸ್ ಬರಬಹುದು, ಒಮ್ಮೆ ಪರೀಕ್ಷೆ ಮಾಡಿಸಿ. ಕೆಲವು ಕಂಪನಿಯ ಸಸ್ಪೆನ್ಷನ್‌ನಲ್ಲಿ ಸಕ್ಕರೆಯೂ ಇರುತ್ತದೆ, ಲೇಬಲ್ ನೋಡಿ. ಮೆಡಿಕಲ್ ಶಾಪಿನಲ್ಲಿ ಸುಮ್ನೆ ಫಂಗಸ್‌ಗೆ ನುಂಗುವ ಫ್ಲುಕೊನಜೋಲ್ ಮಾತ್ರೆ ತಂದು ಕೊಡಬೇಡಿ. ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಫ್ಲುಕೊನಜೋಲ್‌ನಿಂದ ರಕ್ತಸ್ರಾವ ಆಗಬಹುದು. ನುಂಗುವಾಗ ನೋವಿದ್ದರೆ ಕಾಯಬೇಡಿ, ನಾಳೆಯೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ.