ಕೇಸು ಕೈಬಿಟ್ಟ ಮಾತ್ರಕ್ಕೆ ಆಕೆಯ ದೂರು ಸುಳ್ಳೇ?

ನಿಮ್ಮ ಸಹೋದ್ಯೋಗಿ ಮುಂಗೈ ಮೂಳೆ ಮುರಿದ ಸ್ಥಿತಿಯಲ್ಲಿ ಗಂಡನ ಮೇಲೆ ದೂರು ಕೊಟ್ಟು, ಎರಡು ವರ್ಷಗಳ ನಂತರ ಸಾಕ್ಷಿ ಕಟಕಟೆಯಲ್ಲಿ ನಿಂತು ‘ಬಚ್ಚಲಲ್ಲಿ ಜಾರಿ ಬಿದ್ದೆ’ ಎಂದರೆಂದೂ, ಹಾಗಾದರೆ ಮೊದಲ ದೂರೇ ಸುಳ್ಳಾಗಿತ್ತೇ ಎಂದೂ ಕೇಳಿದ್ದೀರಿ. ನಾನು ಕರ್ನಾಟಕದ ಒಂದು ಜಿಲ್ಲಾ ನ್ಯಾಯಾಲಯದಲ್ಲಿ ಉಚಿತ ಕಾನೂನು ನೆರವಿನ ವಕೀಲೆಯಾಗಿ ಇಂಥ ಪ್ರಕರಣಗಳನ್ನು ಹಲವು ವರ್ಷಗಳಿಂದ ನಡೆಸುತ್ತಿದ್ದೇನೆ. ನಿಮ್ಮ ಸಹೋದ್ಯೋಗಿಯ ಮನೆಯಲ್ಲಿ ಏನು ನಡೆಯಿತೆಂದು ನಾನು ಹೇಳಲಾರೆ. ಆದರೆ ಆ ಒಂದು ವಾಕ್ಯದಿಂದ ನೀವು ತೀರ್ಮಾನಕ್ಕೆ ಬರಬಾರದೆಂದು ಖಂಡಿತವಾಗಿ ಹೇಳಬಲ್ಲೆ.

ಗಂಡನ ಕ್ರೌರ್ಯದ ಬಗೆಗಿನ, ಭಾರತೀಯ ದಂಡ ಸಂಹಿತೆಯ 498ಎ ಕಲಮು 1983ರಲ್ಲಿ ಬಂತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಮಾಗಿದೆ. ದೂರು ಕೊಟ್ಟವಳು ‘ನನಗೆ ಈ ಕೇಸು ಬೇಡ’ ಎಂದು ಅರ್ಜಿ ಬರೆದುಕೊಟ್ಟರೆ ನಮ್ಮ ರಾಜ್ಯದ ವಿಚಾರಣಾ ನ್ಯಾಯಾಲಯ ಅದನ್ನು ಮುಗಿಸುವಂತಿಲ್ಲ. ಇಬ್ಬರೂ ರಾಜಿಯಾಗಿ ಹೈಕೋರ್ಟಿಗೆ ಹೋಗಿ ಪ್ರಕರಣವನ್ನು ರದ್ದುಪಡಿಸಿಕೊಳ್ಳುವುದು ಒಂದು ದಾರಿ. ಇದಕ್ಕೆ ಸುಪ್ರೀಂ ಕೋರ್ಟು 2003ರ ಬಿ.ಎಸ್. ಜೋಶಿ ಪ್ರಕರಣದಲ್ಲಿ ಅವಕಾಶ ಮಾಡಿಕೊಟ್ಟಿತು. ಹೈಕೋರ್ಟಿನ ಖರ್ಚು, ಓಡಾಟ ಬೇಡವೆನ್ನುವವರಿಗೆ ಉಳಿಯುವ ಇನ್ನೊಂದು ದಾರಿಯೆಂದರೆ ದೂರುದಾರಳೇ ಪ್ರತಿಕೂಲ ಸಾಕ್ಷಿಯಾಗುವುದು, ಅಂದರೆ ತನ್ನ ದೂರಿಗೆ ವಿರುದ್ಧವಾಗಿ ತಾನೇ ಸಾಕ್ಷಿ ಹೇಳುವುದು. ನೀವು ಕೇಳಿಸಿಕೊಂಡ ‘ಜಾರಿ ಬಿದ್ದೆ’ ಎಂಬ ಮಾತಿನ ಹಿಂದೆ, ಬಹುಮಟ್ಟಿಗೆ, ಕೆಲವು ವಾರಗಳ ಮೊದಲೇ ಸಹಿಯಾದ ಒಂದು ಒಪ್ಪಂದವಿರುತ್ತದೆ: ಪರಸ್ಪರ ಒಪ್ಪಿಗೆಯ ವಿಚ್ಛೇದನ, ಮಗು ತಾಯಿಯ ಬಳಿ, ಶಾಶ್ವತ ಜೀವನಾಂಶವೆಂದು ಒಂದು ಮೊತ್ತ ಎರಡು ಮೂರು ಕಂತುಗಳಲ್ಲಿ, ಮತ್ತು ಎಲ್ಲ ಕೇಸುಗಳ ಮುಕ್ತಾಯ. ಕೊನೆಯ ಕಂತು ಕೇಸು ಮುಗಿದ ದಿನವೇ ಕೈಗೆ ಬರುವಂತೆ ಬರೆಸಿರುತ್ತಾರೆ. ಹೊಡೆತದ ನಂತರ ಆಕೆಯ ಕೈಯಲ್ಲಿ ಉಳಿದಿದ್ದ ಬೆಲೆಬಾಳುವ ವಸ್ತುವೆಂದರೆ ಆ ಕೇಸು ಒಂದೇ. ನ್ಯಾಯಾಲಯ ಸಕಾಲದಲ್ಲಿ ಕೊಡದಿದ್ದುದನ್ನು ಪಡೆಯಲು ಆಕೆ ಅದನ್ನೇ ಕೊಟ್ಟಿರುತ್ತಾಳೆ.

ಸಕಾಲವೆಂಬ ಮಾತನ್ನು ಬಿಡಿಸಿ ಹೇಳಬೇಕು. 2006ರ ಅಕ್ಟೋಬರ್ 26ರಂದು ಜಾರಿಗೆ ಬಂದ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯು, ಮೊದಲ ವಿಚಾರಣೆಯಿಂದ 60 ದಿನಗಳೊಳಗೆ ಅರ್ಜಿಯನ್ನು ಇತ್ಯರ್ಥಪಡಿಸಲು ನ್ಯಾಯಾಧೀಶರು ಪ್ರಯತ್ನಿಸಬೇಕೆನ್ನುತ್ತದೆ. ನಾನು ನಡೆಸಿದ ಪ್ರಕರಣಗಳಲ್ಲಿ ನೋಟಿಸು ಜಾರಿಯಾಗುವುದಕ್ಕೇ ಎಷ್ಟೋ ಸಲ ಅದಕ್ಕಿಂತ ಹೆಚ್ಚು ದಿನ ಹಿಡಿದಿದೆ. ನಮ್ಮಲ್ಲಿ, ನಡೆದ ಹಿಂಸೆಯ ವರದಿ ಬರೆದು ನ್ಯಾಯಾಲಯಕ್ಕೆ ಕೊಡಬೇಕಾದ ಸಂರಕ್ಷಣಾಧಿಕಾರಿಯ ಹೊಣೆಯನ್ನು ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳಿಗೆ ವಹಿಸಿದ್ದಾರೆ. ತಾಲ್ಲೂಕಿನ ಅಂಗನವಾಡಿಗಳನ್ನೆಲ್ಲ ನೋಡಿಕೊಳ್ಳುವವರೇ ಈ ವರದಿಯನ್ನೂ ಬರೆಯಬೇಕು. ಮಧ್ಯಂತರ ಜೀವನಾಂಶದ ಆದೇಶ ಸಿಕ್ಕಿತೆನ್ನಿ, ಗಂಡ ಕಟ್ಟುವುದಿಲ್ಲ. ವಸೂಲಿಗೆ ಮತ್ತೊಂದು ಅರ್ಜಿ, ವಾರಂಟು, ‘ಆಸಾಮಿ ಸಿಗಲಿಲ್ಲ’ ಎಂಬ ಷರಾ. ಗಾರ್ಮೆಂಟ್ಸಿನಲ್ಲಿ ದುಡಿಯುತ್ತಿದ್ದ ನನ್ನ ಕಕ್ಷಿದಾರಳೊಬ್ಬಳಿಗೆ ಪ್ರತಿ ವಾಯಿದೆಗೂ ಒಂದು ದಿನದ ಕೂಲಿಯ ಜೊತೆ ಹಾಜರಾತಿ ಬೋನಸ್ಸೂ ಹೋಗುತ್ತಿತ್ತು. ನಾಲ್ಕನೇ ವರ್ಷ ಆಕೆ ರಾಜಿಗೆ ಒಪ್ಪಿದಳು. ‘ಮೇಡಂ, ಮಗಳ ಫೀಸು ವಾಯಿದೆ ಕೇಳೋದಿಲ್ಲ’ ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಗಂಡ ಸರ್ಕಾರಿ ನೌಕರನಾಗಿದ್ದರೆ ಇನ್ನೊಂದು ಇಕ್ಕಟ್ಟಿದೆ. 48 ಗಂಟೆ ಮೀರಿ ಬಂಧನದಲ್ಲಿದ್ದರೆ ಆತ ಅಮಾನತು, ಶಿಕ್ಷೆಯಾದರೆ ಕೆಲಸವೇ ಹೋಗಬಹುದು. ಆ ಸಂಬಳದಿಂದಲೇ ಮಗುವಿನ ಜೀವನಾಂಶ ಬರಬೇಕು. ತವರಿನಲ್ಲಿ ತಂಗಿಯ ಮದುವೆ ನಿಂತಿದೆಯೆಂದು ಅಣ್ಣ ಗೊಣಗುತ್ತಾನೆ. ಕೋರ್ಟಿನ ಜಗಲಿಯಲ್ಲಿ ಎರಡೂ ಕಡೆಯವರು ಒಂದೇ ಬೆಂಚಿನ ಆಚೀಚೆ ಕಾಯುವಾಗ ಬರುವ ಬೆದರಿಕೆಗಳು ಯಾವ ಕಡತಕ್ಕೂ ಸೇರುವುದಿಲ್ಲ. ಇದೆಲ್ಲದರ ಜೊತೆಗೆ, ಹೊಡೆತ ನಿಲ್ಲಲಿ ಎಂದಷ್ಟೇ ಬಯಸಿ ಠಾಣೆಗೆ ಬಂದವಳು, ಗಂಡ ಜೈಲಿಗೆ ಹೋಗಲೆಂದು ಎಂದೂ ಬಯಸದೇ ಇದ್ದಿರಬಹುದು. ಅವನ ಮೇಲೆ ಪ್ರೀತಿ ಉಳಿದಿರುವುದೂ ಉಂಟು. ಅದಕ್ಕಾಗಿ ಆಕೆಯನ್ನು ನಾನು ಹೀಗಳೆಯಲಾರೆ.

ಸುಳ್ಳು ದೂರುಗಳೇ ಇಲ್ಲವೆಂದು ನಾನು ಹೇಳುತ್ತಿಲ್ಲ, ಕೆಲವನ್ನು ಕಂಡಿದ್ದೇನೆ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ 18ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ಶೇ. 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದರು. ಕೋರ್ಟಿನ ಮೆಟ್ಟಿಲು ಹತ್ತಿದವರು ಅವರಲ್ಲಿ ಸ್ವಲ್ಪವೇ ಜನ. ಹತ್ತಿ, ಸುಸ್ತಾಗಿ ಇಳಿದವಳ ಪ್ರಕರಣ ದಾಖಲೆಯಲ್ಲಿ ‘ಖುಲಾಸೆ’ ಎಂದು ಸೇರಿ, ಮುಂದೆ ಅದನ್ನೇ ಸುಳ್ಳು ಕೇಸಿನ ಪುರಾವೆಯೆಂದು ತೋರಿಸುವಾಗ ನನಗೆ ತಡೆಯಲಾರದಷ್ಟು ನೋವಾಗುತ್ತದೆ.

ನಿಮ್ಮ ಸಹೋದ್ಯೋಗಿಯನ್ನು ‘ಯಾಕೆ ಹಾಗೆ ಹೇಳಿದೆ’ ಎಂದು ದಯವಿಟ್ಟು ಕೇಳಬೇಡಿ. ಈಗ ಎಲ್ಲಿದ್ದೀರಿ, ಕೊನೆಯ ಕಂತು ಬಂತೇ ಎಂದು ಕೇಳಿ. ಆಕೆ ಗಂಡನ ಮನೆಗೇ ಮರಳಿದ್ದರೆ, ಗಾಯದ ಪ್ರಮಾಣಪತ್ರ, ಎಕ್ಸ್‌ರೇ, ಒಪ್ಪಂದದ ಪ್ರತಿ ಇವುಗಳನ್ನು ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಲೇ ಎಂದು ವಿಚಾರಿಸಿ. ಹಿಂದಿನ ಕೇಸು ಮುಗಿದಿದ್ದರೂ, ಮತ್ತೆ ಹಿಂಸೆ ನಡೆದರೆ ಹೊಸದಾಗಿ ದೂರು ಕೊಡಲು, ಸಂರಕ್ಷಣಾ ಆದೇಶ ಕೋರಲು ಯಾವ ಅಡ್ಡಿಯೂ ಇಲ್ಲ. ವರಮಾನ ಎಷ್ಟೇ ಇದ್ದರೂ ಮಹಿಳೆಗೆ ಉಚಿತ ವಕೀಲರು ಸಿಗುತ್ತಾರೆ. ಮಹಿಳಾ ಸಹಾಯವಾಣಿ 181ಕ್ಕೆ ಎರಡನೆಯ ಸಲವೂ ಕರೆ ಮಾಡಬಹುದು. ಇವಿಷ್ಟನ್ನು, ಆತ ಹತ್ತಿರದಲ್ಲಿ ಇಲ್ಲದ ಹೊತ್ತು ನೋಡಿ, ಆಕೆಗೆ ತಿಳಿಸಿ.