ಅಮ್ಮನ ವಾಟ್ಸಾಪ್‌ನಲ್ಲಿ ಒಂದೇ ಟಿಕ್

ಪ್ರಶ್ನೆ: ನಾನು ಮೆಕ್ಯಾನಿಕಲ್ ಎಂಜಿನಿಯರ್. ಕಂಪನಿ ನನ್ನನ್ನು ಎರಡು ವರ್ಷಕ್ಕೆ ಚೀನಾದ ಸುಝೌಗೆ ಕಳಿಸುತ್ತಿದೆ. ಅಲ್ಲಿ ವಾಟ್ಸಾಪ್ ಇಲ್ಲ, ಗೂಗಲ್ ಇಲ್ಲ ಅಂತಾರೆ. ಅಮ್ಮ ದಾವಣಗೆರೆಯಲ್ಲಿ ಒಬ್ಬರೇ ಇರುತ್ತಾರೆ, ರಾತ್ರಿ ಊಟ ಆದ ಮೇಲೆ ನನ್ನ ಮುಖ ನೋಡದಿದ್ದರೆ ಅವರಿಗೆ ನಿದ್ದೆ ಬರಲ್ಲ. ನನ್ನದು ಇಲ್ಲೇ ಕೊಂಡ ಐಫೋನ್, ಅಮ್ಮನದು ಆಂಡ್ರಾಯ್ಡ್. ಯಾವ ವಿಪಿಎನ್ ಹಾಕಿಕೊಂಡು ಹೋಗಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ವಿಪಿಎನ್, ಅಂದರೆ ತಡೆ ತಪ್ಪಿಸಿ ಬೇರೆ ದೇಶದ ಮೂಲಕ ನೆಟ್‌ಗೆ ಹೋಗಲು ಬಳಸುವ ಆ್ಯಪ್, ಅದರ ಮಾತು ಆಮೇಲೆ. ಮೊದಲು ಅಮ್ಮನ ಫೋನ್ ಕೈಗೆ ತಗೊಳ್ಳಿ. ಇಂಥ ಪತ್ರ ಬರೆಯುವವರೆಲ್ಲ ಹೊರಡುವವರ ಫೋನಿನ ಬಗ್ಗೆಯೇ ಕೇಳುತ್ತಾರೆ. ಊರಲ್ಲಿ ಉಳಿಯುವವರ ಫೋನಿನ ಬಗ್ಗೆ ಯಾರೂ ಕೇಳುವುದಿಲ್ಲ. ಪೇಚಾಟ ಶುರುವಾಗುವುದು ಅಲ್ಲೇ.

ಯಾಕೆ ಅಂದರೆ ಗೋಡೆ ಎರಡು ಕಡೆಯೂ ಇದೆ. ಚೀನಾ ಯೂಟ್ಯೂಬನ್ನು ಮತ್ತು ಫೇಸ್‌ಬುಕ್ಕನ್ನು 2009ರಲ್ಲೇ ತಡೆಯಿತು. ಜಿಮೇಲ್ 2014ರ ಕೊನೆಗೆ ಪೂರ್ತಿ ನಿಂತಿತು, ವಾಟ್ಸಾಪ್ 2017ರಲ್ಲಿ. ಅಲ್ಲಿಯವರು ಮಾತು, ದುಡ್ಡು, ಆಫೀಸು, ಎಲ್ಲವನ್ನೂ ವೀಚ್ಯಾಟ್‌ನಲ್ಲೇ ಮುಗಿಸುತ್ತಾರೆ. ಹಾಗಾದರೆ ಅಮ್ಮನ ಫೋನಿಗೂ ವೀಚ್ಯಾಟ್ ಹಾಕಿಬಿಟ್ಟರಾಯಿತು ಅಂದುಕೊಂಡಿರಾ? ಆಗಲ್ಲ. 2020ರ ಜೂನ್ 29ರಂದು ನಮ್ಮ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಟಿಕ್‌ಟಾಕ್ ಜೊತೆ ವೀಚ್ಯಾಟ್ ಕೂಡ ಇತ್ತು. ಅಂದರೆ ನಿಮ್ಮ ಆ್ಯಪ್ ದಾವಣಗೆರೆಯಲ್ಲಿ ನಡೆಯಲ್ಲ, ಅಮ್ಮನ ಆ್ಯಪ್ ಸುಝೌನಲ್ಲಿ ನಡೆಯಲ್ಲ. ಗಲ್ಫಿಗೆ ಹೋದವರಿಗೂ ಇಲ್ಲದ ಕಷ್ಟ ಇದು.

ನಡೆಯುವುದು ಏನೇನು ನೋಡೋಣ. ಮೈಕ್ರೋಸಾಫ್ಟ್‌ನ ಟೀಮ್ಸ್ ಅಲ್ಲಿ ತಡೆಯಾಗಿಲ್ಲ, ವಿಡಿಯೊ ಕೆಲವೊಮ್ಮೆ ಕುಂಟುತ್ತದೆ ಅಷ್ಟೇ. ಆಫೀಸಿನ ಆ್ಯಪ್ ಅಂತ ಮೂಗು ಮುರಿಯಬೇಡಿ. ಅಮ್ಮನ ಫೋನಿಗೆ ಹಾಕಿ, ಅವರ ಹೆಸರಲ್ಲಿ ಖಾತೆ ತೆರೆದು, ಪಾಸ್‌ವರ್ಡ್ ಕ್ಯಾಲೆಂಡರಿನ ಹಿಂದೆ ಬರೆದಿಟ್ಟು, ನೀವು ಪಕ್ಕದ ಕೋಣೆಯಲ್ಲಿ ಕೂತು ಕಾಲ್ ಮಾಡಿ. ಅವರು ನಿಮ್ಮ ಸಹಾಯ ಇಲ್ಲದೆ ಅದನ್ನು ಎತ್ತಬೇಕು, ಕ್ಯಾಮೆರಾ ಆನ್ ಮಾಡಬೇಕು. ಹೊರಡುವ ದಿನದವರೆಗೂ ಮಾಡಿಸಿ. ಇಬ್ಬರ ಹತ್ತಿರವೂ ಐಫೋನ್ ಇರುವವರಿಗೆ ಫೇಸ್‌ಟೈಮ್ ಇದೆ, ಅದು ಚೀನಾದಲ್ಲಿ ನಡೆಯುತ್ತದೆ. ಇನ್ನು ಯಾವುದೂ ಇಲ್ಲದ ದಿನಕ್ಕೆ ಹಳೇ ಐಎಸ್‌ಡಿ ಕಾಲ್ ಇದ್ದೇ ಇದೆ. 0086ರಿಂದ ಶುರುವಾಗುವ ನಿಮ್ಮ ಅಲ್ಲಿಯ ನಂಬರನ್ನು ಮಗನ ಹೆಸರಲ್ಲೇ ಸೇವ್ ಮಾಡಿಸಿ. ಇಲ್ಲದಿದ್ದರೆ ಯಾರೋ ಮೋಸದವರು ಅಂತ ಅಮ್ಮ ಕಟ್ ಮಾಡುತ್ತಾರೆ. ಮಾಡುವುದು ಸರಿಯೇ.

ವಾಟ್ಸಾಪ್ ಪೂರ್ತಿ ಸತ್ತುಹೋಗುತ್ತದೆ ಅಂತಲ್ಲ. ನಿಮ್ಮ ಭಾರತದ ಸಿಮ್ ರೋಮಿಂಗ್‌ನಲ್ಲಿದ್ದರೆ ಅದರ ನೆಟ್ ಸುತ್ತಿಕೊಂಡು ನಮ್ಮ ಮೊಬೈಲ್ ಕಂಪನಿಯ ಮೂಲಕವೇ ಹೊರಗೆ ಹೋಗುತ್ತದೆ. ಚೀನಾದ ಸೋಸುವ ಜಾಲ ಅದಕ್ಕೆ ಅಡ್ಡ ಬರುವುದಿಲ್ಲ. ವಾಟ್ಸಾಪ್, ಗೂಗಲ್ ಎಲ್ಲ ಸಲೀಸಾಗಿ ತೆರೆಯುತ್ತವೆ. ಆದರೆ ಸುಝೌ ಮನೆಯ ವೈಫೈಗೆ ಸೇರಿದ ಕ್ಷಣ ಫೋನು ರೋಮಿಂಗ್ ಬಿಟ್ಟು ಆ ದಾರಿ ಹಿಡಿಯುತ್ತದೆ, ವಾಟ್ಸಾಪ್ ನಿಲ್ಲುತ್ತದೆ, ಅಮ್ಮ ಕಳಿಸಿದ ‘ಊಟ ಆಯ್ತಾ’ ಒಂದೇ ಬೂದು ಟಿಕ್‌ನಲ್ಲಿ ನಿಂತಿರುತ್ತದೆ. ಅವರು ನಿಮಗೆ ಏನೋ ಆಗಿದೆ ಅಂದುಕೊಂಡು ನಿಮ್ಮ ಸೋದರಮಾವನಿಗೆ ಫೋನ್ ಮಾಡಿರುತ್ತಾರೆ. ಒಂದು ಟಿಕ್ ಅಂದರೆ ಮಗ ವೈಫೈನಲ್ಲಿದ್ದಾನೆ, ಅಷ್ಟೇ ಅಂತ ಮೊದಲೇ ಹೇಳಿಡಿ. ಇದೊಂದು ಮಾತು ಎಷ್ಟೋ ರಾತ್ರಿಯ ನಿದ್ದೆ ಉಳಿಸುತ್ತದೆ. ಅಂದಹಾಗೆ ಚೀನಾ ನಮಗಿಂತ ಎರಡೂವರೆ ಗಂಟೆ ಮುಂದೆ. ಅಮ್ಮನ ಒಂಬತ್ತು ಗಂಟೆ ಅಂದರೆ ನಿಮಗೆ ಹನ್ನೊಂದೂವರೆ. ಬೆಳಿಗ್ಗೆ ಶಿಫ್ಟ್ ಇದ್ದರೆ ಕಾಲ್ ಹೊತ್ತನ್ನು ಈಗಲೇ ಹಿಂದಕ್ಕೆ ತನ್ನಿ.

ರೋಮಿಂಗ್ ಪ್ಯಾಕ್ ಅಗ್ಗ ಅಲ್ಲ, ದಿನಾ ವಿಡಿಯೊಗೆ ಹಾಕಿದರೆ ಸಂಬಳ ಕರಗುತ್ತದೆ. ಪ್ರವಾಸಿಗಳಿಗೆ ಮಾರುವ ಇ–ಸಿಮ್ (ಕಾರ್ಡ್ ಹಾಕದೆ ಫೋನಿನೊಳಗೇ ಸೇರುವ ಸಿಮ್) ಅಥವಾ ಹಾಂಗ್‌ಕಾಂಗ್‌ನ ಸಿಮ್ ಬಹಳ ಕಡಿಮೆಗೆ ಸಿಗುತ್ತವೆ, ಅವುಗಳ ನೆಟ್ಟೂ ಹೊರಗಿನಿಂದಲೇ ಬರುತ್ತದೆ. ಕೊಳ್ಳುವ ಮೊದಲು ಆ ಪ್ಯಾಕ್‌ನಲ್ಲಿ ಚೀನಾ ಇದೆಯಾ ನೋಡಿ. ಭಾರತದ ಸಿಮ್ಮನ್ನು ಮಾತ್ರ ಯಾವ ಕಾರಣಕ್ಕೂ ಸಾಯಲು ಬಿಡಬೇಡಿ. ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ. ವಾಟ್ಸಾಪ್ ಕೂಡ 120 ದಿನ ನೀವು ಆ ಕಡೆ ತಲೆ ಹಾಕದಿದ್ದರೆ ಖಾತೆ ಅಳಿಸುತ್ತದೆ. ಲ್ಯಾಪ್‌ಟಾಪಿಗೆ ಜೋಡಿಸಿದ ವಾಟ್ಸಾಪ್ ಅಂತೂ ಫೋನು 14 ದಿನ ಮೌನವಾಗಿದ್ದರೆ ಲಾಗ್‌ಔಟ್ ಆಗುತ್ತದೆ.

ನಿಮ್ಮದು ಇಲ್ಲಿನ ಐಫೋನ್ ಅಂದಿರಿ, ಒಳ್ಳೆಯದೇ ಆಯಿತು. ಅಲ್ಲಿ ಹೋಗಿ ಹೊಸದು ಕೊಳ್ಳೋಣ ಅಂತ ಕಾಯಬೇಡಿ. ಚೀನಾದಲ್ಲಿ ಮಾರಿದ ಐಫೋನ್‌ಗಳಲ್ಲಿ ಬಹಳ ಕಾಲ ಇ–ಸಿಮ್ಮೇ ಇರಲಿಲ್ಲ, ಅಲ್ಲಿಯ ಆಂಡ್ರಾಯ್ಡ್ ಫೋನ್‌ಗಳಲ್ಲಿ ಪ್ಲೇ ಸ್ಟೋರ್ ಇರುವುದಿಲ್ಲ. ಹೊರಡುವ ಮುಂಚೆ ಭಾರತದ ನಂಬರನ್ನು ಇ–ಸಿಮ್‌ಗೆ ಬದಲಾಯಿಸಿಕೊಳ್ಳಿ. ಸಿಮ್ ಹಾಕುವ ಜಾಗ ಖಾಲಿ ಉಳಿಯುತ್ತದೆ, ಚೀನಾದ ಸಿಮ್ ಅಲ್ಲಿಗೆ. ಅಲ್ಲಿ ಸಿಮ್ ಕೊಳ್ಳಲು ಪಾಸ್‌ಪೋರ್ಟ್ ಬೇಕು. 2019ರ ಡಿಸೆಂಬರ್‌ನಿಂದ ಮುಖವನ್ನೂ ಸ್ಕ್ಯಾನ್ ಮಾಡುತ್ತಾರೆ. ಗಾಬರಿ ಬೇಡ, ಎಲ್ಲರಿಗೂ ಅದೇ.

ಆ್ಯಪ್ ಸ್ಟೋರ್ ವಿಷಯದಲ್ಲಿ ಒಂದು ಸೂಕ್ಷ್ಮ ಇದೆ. ನಿಮ್ಮ ಆ್ಯಪಲ್ ಖಾತೆಯ ದೇಶವನ್ನು ಚೀನಾ ಅಂತ ಬದಲಿಸಬೇಡಿ. ಅಲ್ಲಿನ ಸ್ಟೋರ್‌ನಿಂದ 2017ರಲ್ಲಿ ವಿಪಿಎನ್‌ಗಳನ್ನೂ 2024ರ ಏಪ್ರಿಲ್‌ನಲ್ಲಿ ವಾಟ್ಸಾಪ್, ಸಿಗ್ನಲ್, ಟೆಲಿಗ್ರಾಂಗಳನ್ನೂ ತೆಗೆಸಿದ್ದಾರೆ. ಆದರೆ ವೀಚ್ಯಾಟ್ ನಮ್ಮ ಸ್ಟೋರ್‌ನಲ್ಲಿ ಇಲ್ಲವಲ್ಲ? ಅದಕ್ಕೆ ಅಲ್ಲಿ ಇಳಿದ ಮೇಲೆ ಇನ್ನೊಂದು ಖಾತೆ ತೆರೆದು ಸೆಟ್ಟಿಂಗ್ಸ್‌ನಲ್ಲಿ ಸ್ಟೋರ್‌ಗೆ ಮಾತ್ರ ಅದನ್ನು ಬಳಸಿ. ಫೋಟೊ, ಕಾಂಟ್ಯಾಕ್ಟ್ ಎಲ್ಲ ಹಳೇ ಖಾತೆಯಲ್ಲೇ ಇರಲಿ. ವೀಚ್ಯಾಟನ್ನು ಚೀನಾದ ನಂಬರಿನಲ್ಲೇ ತೆರೆಯಿರಿ. ಹೊಸ ಖಾತೆಗೆ ಹಳೇ ಬಳಕೆದಾರರೊಬ್ಬರು ಕ್ಯುಆರ್ ಸ್ಕ್ಯಾನ್ ಮಾಡಿ ‘ಇವರು ನನಗೆ ಗೊತ್ತು’ ಅನ್ನಬೇಕಾಗುತ್ತದೆ. ಆಫೀಸಿನ ಎಚ್‌ಆರ್‌ನವರನ್ನು ಮೊದಲ ದಿನವೇ ಹಿಡಿಯಿರಿ.

ಇದು ಯಾಕೆ ಅಷ್ಟು ಅವಸರ ಅಂದರೆ ಅಲ್ಲಿ ನೂಡಲ್ಸ್ ಅಂಗಡಿಯಿಂದ ಮೆಟ್ರೊವರೆಗೆ ಎಲ್ಲ ಕಡೆ ವೀಚ್ಯಾಟ್ ಪೇ ಅಥವಾ ಅಲಿಪೇ. ನೋಟು ಕೊಟ್ಟರೆ ಚಿಲ್ಲರೆ ಹುಡುಕುತ್ತಾ ನಿಲ್ಲುತ್ತಾರೆ. 2023ರ ಜುಲೈನಿಂದ ಎರಡಕ್ಕೂ ಹೊರದೇಶದ ವೀಸಾ, ಮಾಸ್ಟರ್‌ಕಾರ್ಡ್‌ಗಳನ್ನು ಜೋಡಿಸಬಹುದು. 200 ಯುವಾನ್ ದಾಟಿದ ಪಾವತಿಗೆ ಶೇ 3 ಶುಲ್ಕ ಬೀಳುತ್ತದೆ. ಬ್ಯಾಂಕ್ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಬಳಕೆಯನ್ನು ಇಲ್ಲಿಂದಲೇ ಆನ್ ಮಾಡಿ. ಸಂಬಳದ ಖಾತೆ ಅಲ್ಲಿ ಆದ ಮೇಲೆ ಅದನ್ನೇ ಜೋಡಿಸಿ, ಶುಲ್ಕದ ತಲೆನೋವು ಇರಲ್ಲ.

ಗೂಗಲ್ ಮ್ಯಾಪ್ ನೆಚ್ಚಿಕೊಳ್ಳಬೇಡಿ, ನೆಟ್ ಇದ್ದರೂ. ಚೀನಾ ತನ್ನದೇ ಲೆಕ್ಕದಲ್ಲಿ ನಕ್ಷೆಯನ್ನು ಬೇಕೆಂದೇ ಪಕ್ಕಕ್ಕೆ ಸರಿಸುತ್ತದೆ, ನೀವು ನಿಂತ ಜಾಗ ನೂರಾರು ಮೀಟರ್ ಆಚೆ ಕಾಲುವೆಯಲ್ಲಿ ಕಾಣಬಹುದು. ನಿಮ್ಮ ಐಫೋನಿನ ಆ್ಯಪಲ್ ಮ್ಯಾಪ್ ಅಲ್ಲಿಯ ನಕ್ಷೆ ಕಂಪನಿ ಅಮ್ಯಾಪ್‌ನ ಮಾಹಿತಿಯನ್ನೇ ಬಳಸುತ್ತದೆ, ಅದು ಸರಿ ಇರುತ್ತದೆ. ಅನುವಾದದ ಆ್ಯಪ್‌ನಲ್ಲಿ ಚೈನೀಸ್ ಮತ್ತು ಇಂಗ್ಲಿಷನ್ನು ಆಫ್‌ಲೈನ್ ಡೌನ್‌ಲೋಡ್ ಮಾಡಿಕೊಂಡೇ ವಿಮಾನ ಹತ್ತಿ. ಜಿಮೇಲ್‌ಗೆ ಬರುವ ಮುಖ್ಯ ಮೇಲ್‌ಗಳು ಔಟ್‌ಲುಕ್‌ಗೆ ಫಾರ್ವರ್ಡ್ ಆಗುವಂತೆ ಮಾಡಿ. ಗೂಗಲ್ ಖಾತೆಯ ಬ್ಯಾಕಪ್ ಕೋಡ್‌ಗಳನ್ನು ಕಾಗದಕ್ಕೆ ಪ್ರಿಂಟ್ ಹಾಕಿ. ‘ಇದು ನೀವೇನಾ’ ಎಂದು ಗೂಗಲ್ ಕೇಳುವ ಮೆಸೇಜು ಆ ವೈಫೈಗೆ ಬಂದು ತಲುಪುವುದಿಲ್ಲ. ಲಾಗಿನ್‌ಗೆ ಆರು ಅಂಕಿಯ ಕೋಡ್ ಕೊಡುವ ಅಥೆಂಟಿಕೇಟರ್ ಆ್ಯಪ್ ಮಾತ್ರ ನೆಟ್ ಇಲ್ಲದೆಯೂ ನಡೆಯುತ್ತದೆ.

ಈಗ ವಿಪಿಎನ್. ಸರ್ಕಾರ ಒಪ್ಪಿಗೆ ಕೊಟ್ಟ ಮಾರ್ಗ ಬಿಟ್ಟು ಬೇರೆ ದಾರಿಯಲ್ಲಿ ಹೊರಗಿನ ನೆಟ್‌ಗೆ ಹೋಗುವುದು ಅಲ್ಲಿ ಕಾನೂನಿಗೆ ವಿರುದ್ಧ. 15,000 ಯುವಾನ್‌ವರೆಗೆ ದಂಡ ಹಾಕಲು ಪೊಲೀಸರಿಗೆ ಅವಕಾಶ ಇದೆ, ಬಳಸಿದವರಿಗೆ ದಂಡ ಬಿದ್ದದ್ದೂ ಇದೆ. ಮಾರಿದವರಿಗೆ ಜೈಲು. 2017ರಲ್ಲಿ ಗುವಾಂಗ್ಶಿ ಪ್ರದೇಶದ ಒಬ್ಬ ಮಾರಾಟಗಾರನಿಗೆ ಐದೂವರೆ ವರ್ಷ ಕೊಟ್ಟರು. ವಿದೇಶೀಯರು ಬಹಳ ಮಂದಿ ಬಳಸುತ್ತಾರೆ, ಯಾರೂ ಕೇಳಲ್ಲ ಅಂತ ನಿಮ್ಮ ಸಹೋದ್ಯೋಗಿಗಳು ಹೇಳುತ್ತಾರೆ. ಬಳಸುತ್ತಾರೆ ಅನ್ನುವುದೂ ನಿಜ. ಆದರೆ ಮಾರ್ಚ್‌ನ ಸಂಸತ್ ಅಧಿವೇಶನ, ಜೂನ್ 4ರ (1989ರ ತಿಯಾನನ್ಮೆನ್ ಹತ್ಯಾಕಾಂಡದ ದಿನ) ಆಸುಪಾಸು, ಪಕ್ಷದ ಮಹಾಧಿವೇಶನ ಇಂಥ ಹೊತ್ತಿಗೆ ತಡೆ ಬಿಗಿಯಾಗಿ ವಿಪಿಎನ್‌ಗಳು ಒಂದೊಂದಾಗಿ ಕೈ ಕೊಡುತ್ತವೆ. ಕಾನೂನಿನ ಮಾತು ಪಕ್ಕಕ್ಕಿಟ್ಟರೂ ಅಮ್ಮನ ಜೊತೆಗಿನ ಮಾತನ್ನು ಅಂಥದಕ್ಕೆ ನೇತುಹಾಕುವುದು ನನಗೆ ಸರಿ ಕಾಣುವುದಿಲ್ಲ. ನಿಮ್ಮ ಕಂಪನಿ ಪರವಾನಗಿ ಇರುವ ಲೈನ್ ತಗೊಂಡಿದೆಯಾ ಅಂತ ಐಟಿಯವರನ್ನು ಕೇಳಿ. ಇದ್ದರೆ ಅದು ಕಾನೂನುಬದ್ಧ, ಆದರೆ ಆಫೀಸ್ ಕೆಲಸಕ್ಕೆ ಮಾತ್ರ.

ಪ್ರಶ್ನೆ: ಮಗಳು ಚೀನಾದಲ್ಲಿ ಎಂಬಿಬಿಎಸ್ ಓದುತ್ತಿದ್ದಾಳೆ. ಕಾಲೇಜಿನ ನೋಟಿಸು, ಫೀಸು ಎಲ್ಲ ವೀಚ್ಯಾಟ್‌ನಲ್ಲೇ. ಅವಳು ಬರೆದದ್ದನ್ನು ಯಾರಾದರೂ ಓದುತ್ತಾರಾ?
– ಒಬ್ಬ ತಂದೆ, ಕಲಬುರಗಿ

ಉತ್ತರ: ಓದಬಹುದು ಎಂದೇ ತಿಳಿದು ಬಳಸಲಿ. ವಾಟ್ಸಾಪ್‌ನಲ್ಲಿ ಕಳಿಸಿದವರು, ಪಡೆದವರು ಬಿಟ್ಟು ನಡುವಿನ ಕಂಪನಿಗೂ ಓದಲಾಗದ ಬೀಗ ಇದೆ. ವೀಚ್ಯಾಟ್‌ನಲ್ಲಿ ಅಂಥ ಬೀಗ ಇಲ್ಲ. ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್‌ನವರು ಇದನ್ನು ವರ್ಷಗಟ್ಟಲೆ ಪರೀಕ್ಷಿಸಿದ್ದಾರೆ. ಬೇಡದ ಪದ ಇರುವ ಮೆಸೇಜು ಕಳಿಸಿದವರ ಫೋನಿನಲ್ಲಿ ಹೋದ ಹಾಗೇ ಕಾಣುತ್ತದೆ. ಆಚೆ ಕಡೆ ತಲುಪುವುದೇ ಇಲ್ಲ. ‘ತಡೆದಿದ್ದೇವೆ’ ಅಂತ ಇಬ್ಬರಿಗೂ ಹೇಳುವುದಿಲ್ಲ. ಅವಳು ಗೆಳತಿ ಉತ್ತರ ಕೊಡಲಿಲ್ಲ ಅಂತ ಸುಮ್ನೆ ಮುನಿಸಿಕೊಂಡಿರಬಹುದು!

ಪಾಠ, ಊಟ, ಹಾಸ್ಟೆಲ್ ಬಾಡಿಗೆ ಇವಕ್ಕೆ ಏನೂ ಆಗಲ್ಲ. ರಾಜಕೀಯ, ಗಡಿ, ಟಿಬೆಟ್, ತೈವಾನ್ ಇವು ಬೇಡ. ನಮ್ಮ ಗ್ರೂಪ್‌ಗಳಲ್ಲಿ ತಿರುಗುವ ಚೀನಾ ಜೋಕುಗಳನ್ನು ಅಲ್ಲಿಗೆ ಸುರಿಯುವುದಂತೂ ಬೇಡವೇ ಬೇಡ. ಆ ಖಾತೆ ಹೋದರೆ ಅವಳ ಪರ್ಸೂ ಹೋಯಿತು, ನೋಟಿಸು ಬೋರ್ಡೂ ಹೋಯಿತು. ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ವರ್ಡ್ ಕೂಡ ಅದರಲ್ಲಿ ಕಳಿಸದಿರಲಿ.

ಪ್ರಶ್ನೆ: ಗಂಡ ದುಬೈಗೆ ಹೋಗಿದ್ದಾರೆ. ವಾಟ್ಸಾಪ್ ಮೆಸೇಜು ಬರುತ್ತದೆ, ಫೋಟೊ ಬರುತ್ತದೆ. ಕಾಲ್ ಮಾಡಿದರೆ ಮಾತ್ರ ಮಾತೇ ಕೇಳಲ್ಲ. ನಾನು ಇಲ್ಲಿ ವಿಪಿಎನ್ ಹಾಕಿದರೆ ಸರಿಹೋಗುತ್ತಾ?
– ಕುಂದಾಪುರದಿಂದ

ಉತ್ತರ: ನೀವು ಹಾಕಿದರೆ ಏನೂ ಆಗಲ್ಲ, ತಡೆ ಇರುವುದು ಅವರ ಕಡೆ. ಯುಎಇಯಲ್ಲಿ ವಾಟ್ಸಾಪ್‌ನ ಬರಹಕ್ಕೆ ಅಡ್ಡಿ ಇಲ್ಲ, ಕಾಲ್‌ಗೆ ಇದೆ. ಪರವಾನಗಿ ಪಡೆದ ಆ್ಯಪ್‌ಗಳಲ್ಲಿ ಮಾತ್ರ ನೆಟ್ ಕಾಲ್ ಮಾಡಬೇಕು. ಬೋಟಿಮ್ ಅದರಲ್ಲಿ ಒಂದು, ಗಲ್ಫಿನ ನಮ್ಮವರೆಲ್ಲ ಬಳಸುವುದು ಅದೇ. ಟೀಮ್ಸ್, ಝೂಮ್‌ಗಳೂ ನಡೆಯುತ್ತವೆ. ನಿಮ್ಮ ಫೋನಿಗೂ ಬೋಟಿಮ್ ಹಾಕಿಕೊಳ್ಳಿ, ಮುಗಿಯಿತು.

ಅವರು ವಿಪಿಎನ್ ಹಾಕಿ ವಾಟ್ಸಾಪ್ ಕಾಲ್ ಮಾಡುತ್ತೇನೆ ಅಂದರೆ ಬೇಡ ಅನ್ನಿ. ಅಲ್ಲಿ ಕಂಪನಿಗಳು, ಬ್ಯಾಂಕುಗಳು ವಿಪಿಎನ್ ಬಳಸುತ್ತವೆ, ಅದು ತಪ್ಪಲ್ಲ. ಅಪರಾಧ ಮಾಡಲು ಅಥವಾ ಮುಚ್ಚಿಡಲು ವಿಪಿಎನ್‌ನಿಂದ ಐಪಿ ವಿಳಾಸ (ನೆಟ್‌ನಲ್ಲಿ ಫೋನಿನ ಗುರುತು) ಮರೆಮಾಡಿದರೆ 2021ರ ಸೈಬರ್ ಕಾನೂನಿನಲ್ಲಿ ದಂಡ 5 ಲಕ್ಷ ದಿರ್ಹಮ್‌ನಿಂದಲೇ ಶುರು, 20 ಲಕ್ಷದವರೆಗೆ ಹೋಗುತ್ತದೆ. ಮನೆಗೆ ಕಾಲ್ ಮಾಡಿದ್ದಕ್ಕೆ ಅಷ್ಟು ಹಾಕುತ್ತಾರಾ ಅಂತ ಕೇಳಿದರೆ ನಾನಂತೂ ಪರೀಕ್ಷೆ ಮಾಡಿ ನೋಡಿ ಅನ್ನಲ್ಲ. ಇನ್ನೊಂದು, ರಸ್ತೆ ಅಪಘಾತದ್ದೋ ಜಗಳದ್ದೋ ವಿಡಿಯೊ ತೆಗೆದು ಊರಿನ ಗ್ರೂಪಿಗೆ ಹಾಕುವ ಚಾಳಿ ನಮ್ಮಲ್ಲಿ ಜಾಸ್ತಿ. ಒಪ್ಪಿಗೆ ಇಲ್ಲದೆ ಇನ್ನೊಬ್ಬರ ಫೋಟೊ ತೆಗೆಯುವುದೇ ಅಲ್ಲಿ ಅಪರಾಧ. ವಿಪಿಎನ್‌ಗಿಂತ ನನಗೆ ಅದರದೇ ಹೆಚ್ಚು ಭಯ.

ಪ್ರಶ್ನೆ: ಚೀನಾದಲ್ಲಿ ಕನ್ನಡ ವಿಕಿಪೀಡಿಯ ತೆರೆಯುತ್ತದಾ? ಯಾರಿಗೆ ತೊಂದರೆ ಅದರಿಂದ?
– ವಿದ್ಯಾರ್ಥಿ, ಮೈಸೂರು

ಉತ್ತರ: ತೆರೆಯಲ್ಲ. ಮೊದಲು ಚೈನೀಸ್ ಆವೃತ್ತಿಯನ್ನು ಮಾತ್ರ ತಡೆದಿದ್ದರು, 2019ರ ಏಪ್ರಿಲ್‌ನಿಂದ ಎಲ್ಲ ಭಾಷೆಯದೂ ಬಂದ್. ಕನ್ನಡಕ್ಕೆ ಹೆದರಿ ಅಲ್ಲ, ಒಂದೇ ಬೀಗಕ್ಕೆ ಎಲ್ಲವೂ ಸಿಕ್ಕಿಕೊಂಡವು. ಬೇಕಿದ್ದರೆ ಕೀವಿಕ್ಸ್ ಎಂಬ ಆ್ಯಪ್‌ನಲ್ಲಿ ವಿಕಿಪೀಡಿಯವನ್ನೇ ಫೋನಿಗೆ ಇಳಿಸಿಕೊಂಡು ಹೋಗಬಹುದು. ಕನ್ನಡದ್ದು ಹೆಚ್ಚು ಜಾಗ ತಿನ್ನಲ್ಲ.

ಪ್ರಶ್ನೆ: ಬೇರೆ ದೇಶದ ಸೆನ್ಸಾರ್ ಬಗ್ಗೆ ಇಷ್ಟೆಲ್ಲ ಬರೆಯುತ್ತೀರಿ, ನಮ್ಮಲ್ಲಿ ನೆಟ್ ನಿಲ್ಲಿಸುವುದೇ ಇಲ್ಲವಾ?
– ಓದುಗ, ಹುಬ್ಬಳ್ಳಿ

ಉತ್ತರ: ನಿಲ್ಲಿಸುತ್ತಾರೆ. ಜಮ್ಮು–ಕಾಶ್ಮೀರದಲ್ಲಿ 2019ರ ಆಗಸ್ಟ್‌ನಲ್ಲಿ ಹೋದ 4ಜಿ ಎಲ್ಲ ಜಿಲ್ಲೆಗಳಿಗೂ ವಾಪಸ್ ಬಂದದ್ದು 2021ರ ಫೆಬ್ರುವರಿಯಲ್ಲಿ. ಮಣಿಪುರದವರು 2023ರಲ್ಲಿ ತಿಂಗಳುಗಟ್ಟಲೆ ನೆಟ್ ಇಲ್ಲದೆ ಕೂತರು. ದಾವಣಗೆರೆಯ ಅಮ್ಮನ ಫೋನಿಗೆ ವೀಚ್ಯಾಟ್ ಹಾಕಲಾಗದಿರುವುದೂ ಆ್ಯಪ್, ವೆಬ್‌ಸೈಟ್ ತಡೆಯಲು ಸರ್ಕಾರಕ್ಕೆ ಅಧಿಕಾರ ಕೊಡುವ ನಮ್ಮ ಐಟಿ ಕಾಯ್ದೆಯ 69ಎ ಕಲಮಿನಿಂದಲೇ. ಅಲ್ಲಿಯದು ವರ್ಷಪೂರ್ತಿ ಸೋಸುವ ಕೆಲಸ, ಇಲ್ಲಿಯದು ಬೇಕಾದಾಗ ಸ್ವಿಚ್ ಆರಿಸುವುದು. ಎರಡೂ ಒಂದೇ ಅಲ್ಲ, ಆದರೆ ಆರಿಸಿದ ದಿನ ಮನೆಗೆ ಫೋನ್ ಮಾಡಬೇಕಾದವರಿಗೆ ಆ ವ್ಯತ್ಯಾಸ ಹೇಳಿ ಪ್ರಯೋಜನ ಇಲ್ಲ. ಮುಖ್ಯವಾದ ಎರಡು ಮೂರು ನಂಬರುಗಳನ್ನು ಬಾಯಿಪಾಠ ಮಾಡಿಕೊಳ್ಳಿ. ಸಾಮಾನ್ಯ ಕಾಲ್ ಮತ್ತು ಎಸ್ಸೆಮ್ಮೆಸ್ ಮಾಡುವಷ್ಟು ಬ್ಯಾಲೆನ್ಸ್ ಇಟ್ಟುಕೊಳ್ಳಿ.