ಮೊದಲು ಮರ, ಆಮೇಲೆ ಬೇಸರ

ಜನವರಿಯಲ್ಲಿ ಟೆನೆಸಿಯ ನಾಕ್ಸ್‌ವಿಲ್‌ಗೆ ಬಂದಿಳಿದಿರಿ, ನಾಲ್ಕು ತಿಂಗಳಾದರೂ ಕಚೇರಿಯವರನ್ನು ಬಿಟ್ಟರೆ ಯಾರ ಪರಿಚಯವೂ ಆಗಿಲ್ಲ, ಶನಿವಾರ ಭಾನುವಾರ ಕಳೆಯುವುದೇ ಕಷ್ಟ, ನೀವೆಲ್ಲ ಹೇಗೆ ಇದ್ದೀರಿ ಎಂದು ಕೇಳಿದ್ದೀರಿ. ಕೊನೆಯಲ್ಲಿ, ಆಗ ತಾನೇ ನೆನಪಾದಂತೆ, ಇನ್ನೊಂದು ಪ್ರಶ್ನೆ: ಮೊನ್ನೆಯ ಗಾಳಿಗೆ ಹಿತ್ತಲಿನ ಹಿಕರಿ ಮರ ಉರುಳಿದೆ, ಬೇಕಾದರೆ ಇಟ್ಟುಕೊಳ್ಳಿ ಎಂದು ಮನೆ ಮಾಲೀಕರು ಹೇಳಿದ್ದಾರೆ, ಅದರಿಂದ ಬಿಲ್ಲು ಮಾಡುತ್ತಾರಂತೆ, ನಿಜವೇ? ಬೇಸರ ಇನ್ನೊಂದು ವಾರ ಕಾದೀತು, ಮರ ಕಾಯುವುದಿಲ್ಲ. ಆದ್ದರಿಂದ ಕೊನೆಯ ಪ್ರಶ್ನೆಗೆ ಮೊದಲು ಉತ್ತರ.

ನಿಜ. ನಮ್ಮಲ್ಲಿ ಕೊಡಲಿಯ ಕಾವಿಗೆ ದಿಂಡಿಗ ಹೇಗೋ ಇಲ್ಲಿ ಹಿಕರಿ ಹಾಗೆ. ಹೆದೆ ಎಳೆದಾಗ ಬಿಲ್ಲಿನ ಬೆನ್ನು, ಅಂದರೆ ಗುರಿಯ ಕಡೆಗಿರುವ ಮುಖ, ಹಿಗ್ಗುತ್ತದೆ. ಆ ಹಿಗ್ಗನ್ನು ಹಿಕರಿ ಚೆನ್ನಾಗಿ ತಾಳಿಕೊಳ್ಳುತ್ತದೆ. ಬಿಲ್ಲಿಗೆ ಹೆಸರಾದ ಇನ್ನೊಂದು ಮರ, ಓಸೇಜ್ ಆರೆಂಜ್, ಆದರೆ ಹೊರಗಿನ ಬಿಳಿಯ ಭಾಗವನ್ನೆಲ್ಲ ಕೆತ್ತಿ, ಒಳಗೆ ವರ್ಷಕ್ಕೊಂದರಂತೆ ಮೂಡಿದ ಬಳೆಗಳಲ್ಲಿ ಒಂದನ್ನೇ ಹಿಡಿದು ತುದಿಯಿಂದ ತುದಿಗೆ ಹೋಗಬೇಕು. ಹಿಕರಿಗೆ ಆ ಪಾಡಿಲ್ಲ. ತೊಗಟೆಯ ಕೆಳಗೆ ಸಿಗುವ ಮೊದಲ ಪದರವೇ ಬೆನ್ನು. ಅದಕ್ಕೆ ಕತ್ತಿ ತಾಗದಂತೆ ನೋಡಿಕೊಂಡರೆ ಸಾಕು.

ಮೇ ತಿಂಗಳಲ್ಲಿ ಮರ ಬಿದ್ದದ್ದು ನಿಮ್ಮ ಅದೃಷ್ಟ. ರಸ ಏರಿರುವ ಕಾಲದಲ್ಲಿ ತೊಗಟೆಯ ಅಂಚಿಗೆ ಬೆರಳು ತೂರಿಸಿ ಎಳೆದರೆ ಪರ್‍ರೆಂದು ಉದ್ದಕ್ಕೆ ಸುಲಿದು ಬರುತ್ತದೆ. ಕೆಳಗಿನ ಮರ ತಾಟಿನುಂಗಿನಂತೆ ತಣ್ಣಗೆ ಜಾರುತ್ತದೆ. ಚಳಿಗಾಲದಲ್ಲಿ ಕಡಿದದ್ದಾದರೆ ಅದೇ ತೊಗಟೆಯನ್ನು ಇಡೀ ದಿನ ಹೆರೆಯಬೇಕು.

ಗಂಟಿಲ್ಲದ, ತಿರುಚಿಕೊಳ್ಳದ ಆರೂವರೆ ಅಡಿಯ ತುಂಡು ಆರಿಸಿ. ಉರುಳಿದ ಮರ ಎಲ್ಲಿ ಬಿಗಿದುಕೊಂಡಿದೆ ಎಂಬುದು ಹೊಸಬರಿಗೆ ತಿಳಿಯುವುದಿಲ್ಲ, ಆದ್ದರಿಂದ ಗರಗಸದ ಕೆಲಸ ಪಳಗಿದವರಿಗೇ ಇರಲಿ. ಕೊಯ್ದ ಗಳಿಗೆಯಲ್ಲೇ ಎರಡೂ ತುದಿಗೆ ಮರದ ಅಂಟನ್ನು ದಪ್ಪಗೆ ಬಳಿಯಿರಿ, ಇಲ್ಲದಿದ್ದರೆ ತುದಿಯಿಂದಲೇ ಬಿರುಕು ಹೊರಡುತ್ತದೆ. ಸುಲಿದ ಮೇಲೆ ಬೆನ್ನಿಗೂ ಬಳಿಯಿರಿ. ಸೀಳಲು ಕಬ್ಬಿಣದ ಬೆಣೆ ಬೇಕು. ಬಿರುಕು ಮುಂದೆ ಹೋದಂತೆ ಒಂದರ ಹಿಂದೊಂದು ಬೆಣೆ ಇಳಿಸುತ್ತ ಎರಡು ಹೋಳು, ನಾಲ್ಕು ಹೋಳು ಮಾಡಬೇಕು. ಹೋಳುಗಳ ನಡುವೆ ನಾರು ಹಗ್ಗದಂತೆ ಹಿಡಿದುಕೊಳ್ಳುತ್ತದೆ, ಅದನ್ನು ಕೊಡಲಿಯಿಂದ ಕಡಿಯಬೇಕು.

ನನ್ನ ಮೊದಲ ಹೋಳುಗಳನ್ನು ತೊಗಟೆ ಸಮೇತ ಗ್ಯಾರೇಜಿನ ಮೂಲೆಗೆ ಒರಗಿಸಿ ಮರೆತೆ. ಮುಂದಿನ ಬೇಸಿಗೆಯಲ್ಲಿ ನೋಡಿದರೆ ನೆಲದ ಮೇಲೆ ಅಕ್ಕಿಹಿಟ್ಟಿನಂಥ ಪುಡಿ. ಕುಟ್ಟೆ ಹುಳು ನಾಲ್ಕೂ ಹೋಳನ್ನು ಜರಡಿ ಮಾಡಿತ್ತು. ಎರಡನೆಯ ಸಲ ಬಿಲ್ಲೇನೋ ಆಯಿತು, ಆದರೆ ಅವಸರದಲ್ಲಿ ಹಸಿಯಾಗಿಯೇ ಹೆದೆ ಏರಿಸಿದೆ. ಹೆದೆ ಇಳಿಸಿದ ಮೇಲೂ ಅದು ಬಾಗಿಯೇ ನಿಂತಿತು, ಸೊಂಟ ಬಿದ್ದ ಮುದುಕನಂತೆ. ಹಿಕರಿಯ ದೊಡ್ಡ ದೋಷ ಇದೇ: ಗಾಳಿಯ ತೇವವನ್ನೆಲ್ಲ ಹೀರುತ್ತದೆ. ಇಲ್ಲಿಯ ಆಗಸ್ಟ್ ಹೇಗಿರುತ್ತದೆಂದು ನೀವೇ ನೋಡುತ್ತೀರಿ.

ಈಗ ನಾನು ಹಸಿ ಹೋಳನ್ನೇ ಬಿಲ್ಲಿನ ಆಕಾರಕ್ಕೆ ದಪ್ಪಗೆ ಕೆತ್ತಿ, ಡೊಂಕಾಗದಂತೆ ಹಲಗೆಗೆ ಬಿಗಿದು ನೆರಳಿನಲ್ಲಿ ಒಣಗಿಸುತ್ತೇನೆ. ಪ್ರತಿ ಭಾನುವಾರ ತೂಗಿ ಗೋಡೆಯ ಮೇಲೆ ಬರೆಯುತ್ತೇನೆ. ಕಳೆದ ವರ್ಷದ್ದು 2,600 ಗ್ರಾಂನಿಂದ ಶುರುವಾಗಿ 1,700ರ ಹತ್ತಿರ ನಿಂತಿತು. ಮೂರು ವಾರ ಅಂಕಿ ಅಲುಗದಿದ್ದರೆ ಅರ ಹಿಡಿಯಬಹುದು. ಕೊನೆಯ ಕೆತ್ತನೆಯನ್ನು ಚಳಿಗಾಲಕ್ಕೆ ಇಟ್ಟುಕೊಳ್ಳಿ. ನಮ್ಮ ತುಟಿ ಒಡೆಸುವ ಹೀಟರ್‌ನ ಒಣಗಾಳಿ ಹಿಕರಿಗೆ ಅಮೃತ.

ಒಂದು ಎಚ್ಚರಿಕೆ. ರುಚಿ ಹತ್ತಿತೆಂದು ಸ್ಮೋಕಿ ಬೆಟ್ಟಗಳ ರಾಷ್ಟ್ರೀಯ ಉದ್ಯಾನಕ್ಕೆ ಕೊಡಲಿ ಹಿಡಿದು ಹೋಗಬೇಡಿ, ಅಲ್ಲಿ ಮರ ಕಡಿಯುವುದು ಅಪರಾಧ.

ಇನ್ನು ನಿಮ್ಮ ಮೊದಲ ಪ್ರಶ್ನೆ. ನಾನೂ ಎರಡು ವರ್ಷ ಭಾನುವಾರಗಳನ್ನು ನಿದ್ದೆಯಲ್ಲೇ ಕಳೆದವನು. ಬೆಣೆ ಸಿಕ್ಕಿಕೊಂಡು ಒದ್ದಾಡುತ್ತಿದ್ದಾಗ ಬೇಲಿಯಾಚೆಯ ಅಜ್ಜ ಮಾತಿಲ್ಲದೆ ತನ್ನದೊಂದು ಬೆಣೆ ತಂದು ಪಕ್ಕದಲ್ಲಿ ಹೊಡೆದರು. ನಾನು ಎಸೆಯಲಿದ್ದ ತೊಗಟೆಯ ಒಳನಾರನ್ನು ಸುರುಳಿ ಸುತ್ತಿ ಒಯ್ದು, ಅದರಿಂದ ಕುರ್ಚಿಯ ಆಸನ ಹೆಣೆದರು. ಈ ಬೆಟ್ಟದ ಸೀಮೆಯ ಹಳೆಯ ಕಸುಬು ಅದು. ಈಗ ಅವರಿಗೆ ನಮ್ಮ ಮನೆಯ ಚಿತ್ರಾನ್ನ ಬಲು ಇಷ್ಟ, ಒಗ್ಗರಣೆಯ ಮೆಣಸಿನಕಾಯನ್ನು ಮಾತ್ರ ತಟ್ಟೆಯಂಚಿಗೆ ಸರಿಸುತ್ತಾರೆ.

ಶನಿವಾರ ಬೆಳಿಗ್ಗೆ ಅವರನ್ನೂ ಕರೆದುಕೊಂಡು ಬರುತ್ತೇನೆ, ಗರಗಸ ಅವರದ್ದು. ಅಂಟಿನ ಡಬ್ಬಿ ಮಾತ್ರ ನೀವು ತಂದಿಡಿ.